ಬೆಳವಣಿಗೆ ತಪಾಸಣೆಯಿಂದ ಒಟಿವರೆಗೆ (ಆಕ್ಯುಪೇಷನಲ್ ಥೆರಪಿ): ಮಲೆನಾಡಿನ ಅಪ್ಪ-ಅಮ್ಮಂದಿರಿಗೊಂದು ಸಮಗ್ರ ಮಾರ್ಗದರ್ಶಿ

ನನ್ನ ಮಗನಿಗೆ ಆಗ ಎರಡೂವರೆ ವರ್ಷ. ಅಂಗಳದ ತುಂಬ ಅಡಿಕೆ ಹರವಿತ್ತು. ಅವನು ಅದರ ಮೇಲೆ ಕಾಲೇ ಇಡುತ್ತಿರಲಿಲ್ಲ. ಬೆರಳ ತುದಿಯಲ್ಲಿ ನಡೆಯುತ್ತಾ ಅಂಚು ಹಿಡಿದು ಸುತ್ತು ಬರುತ್ತಿದ್ದ. ಕೈಗೆ ಒಂದಗುಳು ಅನ್ನ ಅಂಟಿದರೂ ಕಿರುಚಾಟ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ. ಒಳಗೆ ಬಿಸ್ಕೆಟ್ ಪೊಟ್ಟಣ ಬಿಚ್ಚಿದರೆ ಮಾತ್ರ ಜಗಲಿಯಿಂದ ಓಡಿ ಬರುತ್ತಿದ್ದ. ಮಾತು ಅಂತ ಇದ್ದದ್ದು ನಾಲ್ಕೋ ಐದೋ.

"ಅವನ ಅಪ್ಪನಿಗೂ ಮೂರು ತುಂಬಿದ ಮೇಲೇ ಮಾತು ಬಂದಿದ್ದು" ಅಂದರು ಅತ್ತೆ. ಪಕ್ಕದ ಮನೆಯವರು ಬಜೆ ತೇಯ್ದು ನಾಲಗೆಗೆ ಹಚ್ಚಿ ಅಂದರು. ಒಬ್ಬ ವೈದ್ಯರು ಎರಡು ನಿಮಿಷ ನೋಡಿ, "ಗಂಡು ಮಗು ಅಲ್ವಾ, ಕಾಯಿರಿ" ಅಂದರು. ಎಂಟು ತಿಂಗಳು ಕಾದೆವು. ಆ ಎಂಟು ತಿಂಗಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ಈಗ ಅವನಿಗೆ ಆರು ವರ್ಷ. ನಾನು ಡಾಕ್ಟರೂ ಅಲ್ಲ, ಥೆರಪಿಸ್ಟೂ ಅಲ್ಲ. ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸು ಹತ್ತಿ ಇಳಿದು ಕಲಿತದ್ದನ್ನು ಬರೆಯುತ್ತಿದ್ದೇನೆ, ಅಷ್ಟೇ.

ಹೆಜ್ಜೆ 1: ಡಾಕ್ಟರಿಗಿಂತ ಮೊದಲು ಒಂದು ನೋಟ್‌ಬುಕ್

ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ದಿನಾ ಎರಡು ಮೂರು ಸಾಲು ಬರೆಯಿರಿ. ಕಂಡದ್ದನ್ನು ಬರೆಯಿರಿ, ನಿಮಗೆ ಅನಿಸಿದ್ದನ್ನಲ್ಲ. ನನಗೂ ಮೊದಮೊದಲು ಇದು ಬರಲಿಲ್ಲ. "ಇವತ್ತು ತುಂಬ ಹಟ ಮಾಡಿದ" ಅಂತ ಬರೆಯುತ್ತಿದ್ದೆ. ಅದರಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಮೇಲೆ ಹೀಗೆ ಬರೆಯಲು ಕಲಿತೆ: "ಮಿಕ್ಸಿ ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ಕೊಟ್ಟಿಗೆಗೆ ಓಡಿದ. ಹತ್ತು ನಿಮಿಷ ಬರಲಿಲ್ಲ. ಬಂದವನು ಕಂಬಕ್ಕೆ ಬೆನ್ನು ಒತ್ತಿ ನಿಂತ." ಈ ಮೂರು ಸಾಲು ಓದಿದ ಥೆರಪಿಸ್ಟ್ ಅರ್ಧ ಗಂಟೆ ಪ್ರಶ್ನೆ ಕೇಳಿದರು. ಅವರು ಮಗುವನ್ನು ನೋಡುವುದು ವಾರಕ್ಕೆ 45 ನಿಮಿಷ. ಉಳಿದದ್ದೆಲ್ಲ ನೋಡುವವರು ನೀವೇ.

ಜೊತೆಗೆ ಮೊಬೈಲಿನಲ್ಲಿ ಅರ್ಧರ್ಧ ನಿಮಿಷದ ನಾಲ್ಕು ವಿಡಿಯೊ ಇಟ್ಟುಕೊಳ್ಳಿ: ಊಟ ಮಾಡುವಾಗಿನದು, ಹಿಂದಿನಿಂದ ಹೆಸರು ಕರೆದಾಗಿನದು, ತನ್ನಷ್ಟಕ್ಕೆ ಆಡುವಾಗಿನದು, ಮೆಟ್ಟಿಲು ಹತ್ತುವಾಗಿನದು. ಆಸ್ಪತ್ರೆಯಲ್ಲಿ ಮಕ್ಕಳು ಮನೆಯಲ್ಲಿದ್ದಂತೆ ಇರುವುದಿಲ್ಲ. ವಿಡಿಯೊ ಮಾಡಲು ಮಗುವಿನ ಮುಂದೆ ನಾಟಕ ಮಾಡಬೇಡಿ, ಸುಮ್ನೆ ಹಿಡಿಯಿರಿ.

ಕೊನೆಯ ಪುಟದಲ್ಲಿ ಹೆರಿಗೆಯ ವಿವರ ಇರಲಿ. ಎಷ್ಟು ವಾರಕ್ಕೆ ಹುಟ್ಟಿತು, ತೂಕ ಎಷ್ಟು, ಹುಟ್ಟಿದ ತಕ್ಷಣ ಅತ್ತಿತೇ, ಕಾಮಾಲೆ ಜಾಸ್ತಿಯಾಗಿತ್ತೇ, ಫಿಟ್ಸ್ ಬಂದಿತ್ತೇ. ಇದರಲ್ಲಿ ಅರ್ಧ ತಾಯಿ ಕಾರ್ಡಿನಲ್ಲೇ ಸಿಗುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಎರಡು ವರ್ಷದವರೆಗೆ ವಯಸ್ಸನ್ನು ಸರಿಪಡಿಸಿ ಎಣಿಸಬೇಕು. ಎರಡು ತಿಂಗಳು ಮೊದಲು ಹುಟ್ಟಿದ ಮಗುವಿಗೆ ಒಂದು ವರ್ಷ ತುಂಬಿದಾಗ ಬೆಳವಣಿಗೆಯ ಲೆಕ್ಕದಲ್ಲಿ ಅದು ಹತ್ತು ತಿಂಗಳು.

ಹೆಜ್ಜೆ 2: ಯಾವುದಕ್ಕೆ ಕಾಯಬಾರದು

ಮಕ್ಕಳು ಮುಂದೆ ಹಿಂದೆ ಇರುತ್ತಾರೆ, ನಿಜ. ಆದರೆ ಕೆಲವಕ್ಕೆ ಕಾಯಬೇಡಿ. ಒಂಬತ್ತು ತಿಂಗಳಾದರೂ ಆಸರೆ ಇಲ್ಲದೆ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಎರಡು ವರ್ಷಕ್ಕೂ "ಅಮ್ಮ ಬಾ" ತರದ ಎರಡು ಪದದ ಮಾತು ಬರದಿದ್ದರೆ ತೋರಿಸಲೇಬೇಕು. ಇನ್ನೊಂದಿದೆ, ಇದು ಎಲ್ಲಕ್ಕಿಂತ ಮುಖ್ಯ: ಬಂದಿದ್ದ ಮಾತು ಅಥವಾ ಆಟ ಹಿಂದೆ ಹೋದರೆ, ವಯಸ್ಸು ಎಷ್ಟೇ ಇರಲಿ, ಅದೇ ವಾರ ಹೊರಡಿ.

ತೋರಿಸಿ "ಏನೂ ಇಲ್ಲ" ಅನ್ನಿಸಿಕೊಂಡು ಬಂದರೆ ನಷ್ಟವಾಗುವುದು ಒಂದು ದಿನದ ಕೆಲಸ ಮಾತ್ರ.

ಹೆಜ್ಜೆ 3: ಎಲ್ಲಿಗೆ ಹೋಗುವುದು

ಹತ್ತಿರದ ಬಾಗಿಲು ಅಂಗನವಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಿಂದ ಇದೆ, ಎಲ್ಲರೂ ಆರ್‌ಬಿಎಸ್‌ಕೆ ಅನ್ನುತ್ತಾರೆ. ಅದರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಇದು ಉಚಿತ, ಬೆಳವಣಿಗೆ ತಡವಾಗುವುದೂ ಅವರ ಪಟ್ಟಿಯಲ್ಲಿದೆ. ಆ ದಿನ ಮಗುವನ್ನು ಕಳಿಸಿ ಸುಮ್ಮನಾಗಬೇಡಿ, ನೋಟ್‌ಬುಕ್ ಹಿಡಿದು ನೀವೂ ಹೋಗಿ. ಇಂಥ ಮಕ್ಕಳಿಗೆಂದೇ ಜಿಲ್ಲಾಸ್ಪತ್ರೆ ಮಟ್ಟದಲ್ಲಿ ಡಿಇಐಸಿ ಅನ್ನುವ ಕೇಂದ್ರದ ವ್ಯವಸ್ಥೆ ಇದೆ. ಮಕ್ಕಳ ವೈದ್ಯರು, ಮಾತಿನ ಥೆರಪಿ, ಮನಶ್ಶಾಸ್ತ್ರಜ್ಞರು ಒಂದೇ ಕಡೆ ಸಿಗಲಿ ಅನ್ನುವುದು ಅದರ ಉದ್ದೇಶ. ನಮಗೆ ಜಿಲ್ಲಾಸ್ಪತ್ರೆ ಅಂದರೆ ಶಿವಮೊಗ್ಗದ ಮೆಗ್ಗಾನ್. ಯಾವ ವಾರ ಯಾರು ಇರುತ್ತಾರೆ ಅಂತ ಕೇಳಿಕೊಂಡೇ ಹೊರಡಿ.

ಇನ್ನೂ ದೊಡ್ಡ ತಪಾಸಣೆ ಬೇಕು ಅಂದರೆ ಮೂರು ದಾರಿ. ಮಾತು ಮತ್ತು ಕಿವಿಯ ವಿಷಯಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಸಾಗರದವರಿಗೆ ತಾಳಗುಪ್ಪ–ಮೈಸೂರು ರೈಲು ಇದ್ದೇ ಇದೆ. ನಡವಳಿಕೆ, ಆಟಿಸಂ ಅನುಮಾನಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ತೀರ್ಥಹಳ್ಳಿ, ಕೊಪ್ಪದ ಕಡೆಯವರು ಹೆಚ್ಚಾಗಿ ಘಟ್ಟ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ತಪಾಸಣೆ ಹತ್ತಿರದಲ್ಲೇ ಆಗಲಿ. ದೂರದ ಅಪಾಯಿಂಟ್‌ಮೆಂಟಿಗೆ ಕಾಯುತ್ತಾ ಥೆರಪಿ ಶುರು ಮಾಡದೆ ಕೂತರೆ ನಮ್ಮ ಎಂಟು ತಿಂಗಳಿನ ಕತೆಯೇ ಮತ್ತೆ.

ಎಲ್ಲಕ್ಕಿಂತ ಮೊದಲು ಕಿವಿ ಪರೀಕ್ಷೆ ಆಗಬೇಕು. ಕೇಳಿಸದ ಮಗು ಕರೆದರೆ ತಿರುಗುವುದಿಲ್ಲ, ಮಾತೂ ಕಲಿಯುವುದಿಲ್ಲ. "ಪಟಾಕಿ ಶಬ್ದಕ್ಕೆ ಬೆಚ್ಚುತ್ತಾನೆ, ಕಿವಿ ಸರಿ ಇದೆ" ಅನ್ನುವುದು ಪರೀಕ್ಷೆ ಅಲ್ಲ. ಬೆರಾ ಅನ್ನುವ ಪರೀಕ್ಷೆಗೆ ಇಷ್ಟು ಸಣ್ಣ ಮಕ್ಕಳು ನಿದ್ದೆಯಲ್ಲಿರಬೇಕು. ನಮ್ಮವನು ಮಂಡಗದ್ದೆ ದಾಟುವ ಮೊದಲೇ ಬಸ್ಸಿನಲ್ಲಿ ಮಲಗಿ, ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಎದ್ದು, ಪರೀಕ್ಷೆ ಕೋಣೆಯಲ್ಲಿ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ಕೂತ. ಒಂದು ದಿನ ದಂಡ. ಮುಂದಿನ ಸಲ ನಸುಕಿನಲ್ಲೇ ಎಬ್ಬಿಸಿ, ಸಕ್ರೆಬೈಲಿನಲ್ಲಿ ಆನೆ ಇದೆ ನೋಡು ಅಂತ ದಾರಿಯುದ್ದಕ್ಕೂ ಎಚ್ಚರ ಇಟ್ಟು ಕರೆದುಕೊಂಡು ಹೋದೆವು. ಅಲ್ಲಿ ಹಾಲು ಕುಡಿದವನೇ ಮಲಗಿದ.

ಹೆಜ್ಜೆ 4: ತಪಾಸಣೆಯ ದಿನ

ಮಗು ಚುರುಕಾಗಿರುವ ಹೊತ್ತಿನ ಸಮಯ ಕೇಳಿ ಪಡೆಯಿರಿ. ಜ್ವರ ಇದ್ದರೆ ಮುಂದೂಡಿ. ಅವನು ತಿನ್ನುವ ತಿಂಡಿ, ಆಡುವ ಸಾಮಾನು ಚೀಲದಲ್ಲಿರಲಿ. ಮಗುವಿನ ಜೊತೆ ಜಾಸ್ತಿ ಹೊತ್ತು ಇರುವವರು ಅಜ್ಜಿ ಆಗಿದ್ದರೆ ಅಜ್ಜಿಯೂ ಬರಲಿ.

ತಪಾಸಣೆ ಮಾಡುವವರು ಮಣಿ, ಬ್ಲಾಕು, ಚಿತ್ರ ಕೊಟ್ಟು ಆಡಿಸುತ್ತಾರೆ, ನಿಮ್ಮನ್ನು ತುಂಬ ಪ್ರಶ್ನೆ ಕೇಳುತ್ತಾರೆ. 16ರಿಂದ 30 ತಿಂಗಳ ಮಕ್ಕಳಿಗೆ ಎಂ-ಚಾಟ್ ಅಂತ 20 ಪ್ರಶ್ನೆಗಳ ಪಟ್ಟಿ ಇದೆ. ಅದು ಸೋಸುವ ಜರಡಿ ಮಾತ್ರ. ಅದರಲ್ಲಿ ಅಂಕ ಬಂತು ಅಂದ ಮಾತ್ರಕ್ಕೆ ಆಟಿಸಂ ಅಂತಲ್ಲ. ದೊಡ್ಡ ಮಕ್ಕಳಿಗೆ ನಮ್ಮ ದೇಶದಲ್ಲೇ ಮಾಡಿದ ಐಸಾ ಅನ್ನುವ 40 ಅಂಶಗಳ ಅಳತೆ ಬಳಸುತ್ತಾರೆ.

ಒಂದು ತಪ್ಪು ನಾವೆಲ್ಲ ಮಾಡುತ್ತೇವೆ. ಮಗುವಿಗೆ ಬಾರದ್ದನ್ನು ಹಿಂದಿನಿಂದ ಪಿಸುಗುಟ್ಟಿ ಹೇಳಿಕೊಡುತ್ತೇವೆ. ಅದು ಪರೀಕ್ಷೆ ಪಾಸಾಗುವ ವಿಷಯ ಅಲ್ಲ ಮಾರಾಯ್ರೇ, ಸುಮ್ಮನೆ ಕೂರಿ. ಆದರೆ ಮನೆಮಾತಿನ ವಿಷಯದಲ್ಲಿ ಮಾತ್ರ ಬಾಯಿ ಬಿಡಿ. ಹವ್ಯಕರ ಮನೆಯ ಮಗು ಬಾಯಾರಿದರೆ "ಆಸ್ರಿಗೆ" ಅನ್ನುತ್ತದೆ. ಬ್ಯಾರಿ, ತುಳು, ಕೊಂಕಣಿ ಮನೆಯ ಮಕ್ಕಳಿಗೆ ಬೇರೆಯೇ ಪದ. ಚಿತ್ರದಲ್ಲಿ ಬಕೆಟ್ ತೋರಿಸಿದಾಗ ನಮ್ಮವನು "ಅಂಡೆ" ಅಂದ, ನಮ್ಮ ಬಚ್ಚಲಿನಲ್ಲಿ ಇರುವುದು ಹಂಡೆ. ನಾನು ಹೇಳದಿದ್ದರೆ ಅದು ತಪ್ಪು ಉತ್ತರವಾಗುತ್ತಿತ್ತು. ಮಗು ಬಳಸುವ ಪದಗಳನ್ನು ಅರ್ಥದ ಸಮೇತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಹೆಜ್ಜೆ 5: ವರದಿ ಓದುವುದು

ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ, ಬರೆದ ವರದಿ ಕೇಳಿ. ಅದರಲ್ಲಿ ಡಿಕ್ಯೂ ಅಂತ ಒಂದು ಅಂಕಿ ಇರಬಹುದು. ಅದರ ಲೆಕ್ಕ ಸರಳ. ಮಗುವಿನ ನಿಜ ವಯಸ್ಸು 40 ತಿಂಗಳು, ಮಾಡುವ ಕೆಲಸಗಳು 28 ತಿಂಗಳ ಮಗುವಿನಷ್ಟು ಅಂದರೆ 28ನ್ನು 40ರಿಂದ ಭಾಗಿಸಿ 100ರಿಂದ ಗುಣಿಸಿ, 70 ಬರುತ್ತದೆ. ಅವತ್ತಿನ ದಿನ ಮಗು ಎಲ್ಲಿತ್ತು ಅನ್ನುವುದನ್ನು ಅದು ಹೇಳುತ್ತದೆ. ಎಲ್ಲಿಯವರೆಗೆ ಹೋಗಬಲ್ಲದು ಅಂತ ಹೇಳುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ "ಗ್ಲೋಬಲ್ ಡೆವಲಪ್‌ಮೆಂಟಲ್ ಡಿಲೇ" ಅಂತ ಬರೆದಿದ್ದರೆ, ಬೆಳವಣಿಗೆಯ ಕಡೇಪಕ್ಷ ಎರಡು ವಿಷಯದಲ್ಲಿ ಮಗು ಸಾಕಷ್ಟು ಹಿಂದಿದೆ, ಕಾರಣ ಇನ್ನೂ ನೋಡಬೇಕು ಅಂತ ಅರ್ಥ.

ವರದಿ ಬಂದ ರಾತ್ರಿ ನಾನು ಮೊಬೈಲ್ ಹಿಡಿದು ಮೂರು ಗಂಟೆವರೆಗೆ ಓದಿದೆ. ಅದನ್ನು ಮಾಡಬೇಡಿ ಅಂತ ಹೇಳಿದರೂ ನೀವು ಮಾಡುತ್ತೀರಿ. ಆದರೆ ಆ ಹೊತ್ತಿನಲ್ಲಿ ಕಾಣುವ ಜಾಹೀರಾತಿಗೆ ದುಡ್ಡು ಕಟ್ಟಬೇಡಿ. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಅದನ್ನು ಶಿಫಾರಸು ಮಾಡುವಂತಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ.

ಹೆಜ್ಜೆ 6: ಒಟಿ ಮತ್ತು ಥೆರಪಿಸ್ಟ್

ಆಕ್ಯುಪೇಷನಲ್ ಥೆರಪಿ ಅಂದಾಗ ನಮ್ಮ ಮಾವ, "ಮೂರು ವರ್ಷದ ಮಗುವಿಗೆ ಎಂಥ ಉದ್ಯೋಗ?" ಅಂತ ಕೇಳಿದ್ದರು. ಮಗುವಿನ ಉದ್ಯೋಗ ಅಂದರೆ ತಿನ್ನುವುದು, ಬಟ್ಟೆ ಹಾಕುವುದು, ಆಡುವುದು, ಮಲಗುವುದು, ಆಮೇಲೆ ಬರೆಯುವುದು. ಅದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಹುಡುಕಿ ಬಿಡಿಸುವವರು ಒಟಿ. ಕೆಲವು ಮಕ್ಕಳಿಗೆ ಕೈಕಾಲಿನ ಬಲ ಸಾಲದು. ಕೆಲವರಿಗೆ ಸ್ಪರ್ಶ, ಶಬ್ದ, ತೂಗಾಟ ಅತಿಯಾಗಿ ತಟ್ಟುತ್ತದೆ ಅಥವಾ ತಟ್ಟುವುದೇ ಇಲ್ಲ. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮದ ಜೊತೆಗೆ ಇನ್ನೆರಡು ಇಂದ್ರಿಯ ಇವರ ಲೆಕ್ಕದಲ್ಲಿವೆ: ಒಳಕಿವಿಯಲ್ಲಿರುವ ಸಮತೋಲನ, ಸ್ನಾಯು-ಕೀಲುಗಳಿಂದ ಬರುವ ಒತ್ತಡದ ಅರಿವು. ಇದನ್ನು ಕ್ರಮವಾಗಿ ಬೆಳೆಸಿದವರು ಅಮೆರಿಕದ ಜೀನ್ ಏರ್ಸ್ ಅನ್ನುವ ಥೆರಪಿಸ್ಟ್. ಕಂಬಕ್ಕೆ ಬೆನ್ನು ಒತ್ತಿ ನಿಲ್ಲುತ್ತಿದ್ದ ನನ್ನ ಮಗ ತನಗೆ ತಾನೇ ಒತ್ತಡ ಕೊಟ್ಟುಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದ. ನಾವು ಅದನ್ನು ಮೊಂಡಾಟ ಅಂದುಕೊಂಡಿದ್ದೆವು.

ಓದು ಏನು ಅಂತ ಕೇಳಲು ನಾಚಬೇಡಿ. ಒಟಿ ಆದವರು ಬಿಒಟಿ ಅಥವಾ ಎಂಒಟಿ ಓದಿರುತ್ತಾರೆ. ಮಾತಿನ ಥೆರಪಿಸ್ಟ್ ಮತ್ತು ವಿಶೇಷ ಶಿಕ್ಷಕರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇರಬೇಕು. ನಮ್ಮ ಕಡೆ ಒಟಿ ಓದಿದವರು ಕಡಿಮೆ. ಹಾಗಾಗಿ ಫಿಸಿಯೋದವರೋ ವಿಶೇಷ ಶಿಕ್ಷಕರೋ ಆ ಕೆಲಸ ಮಾಡುತ್ತಿರುವುದು ಉಂಟು. ಅವರಲ್ಲೂ ಒಳ್ಳೆಯವರಿದ್ದಾರೆ, ಆದರೆ ಯಾರು ಏನು ಅಂತ ನಿಮಗೆ ಗೊತ್ತಿರಬೇಕು.

ಮೊದಲ ದಿನವೇ ಗುರಿ ಬರೆಸಿಕೊಳ್ಳಿ. "ಏಕಾಗ್ರತೆ ಸುಧಾರಿಸುವುದು" ಗುರಿ ಅಲ್ಲ, ಅದನ್ನು ಅಳೆಯಲು ಆಗುವುದಿಲ್ಲ. "ಮೂರು ತಿಂಗಳಲ್ಲಿ ಅರ್ಧ ಬಟ್ಟಲು ಗಂಜಿಯನ್ನು ತಾನೇ ಚಮಚದಲ್ಲಿ ತಿನ್ನುವುದು" ಗುರಿ. ಎರಡನೆಯದಾಗಿ, ಒಳಗೆ ಕೂರಲು ಬಿಡುತ್ತಾರಾ ಕೇಳಿ. ನಾವು ಮೊದಲು ಹೋದ ಒಂದು ಕಡೆ ಬಾಗಿಲು ಹಾಕಿ ನಮ್ಮನ್ನು ಹೊರಗೆ ಕೂರಿಸುತ್ತಿದ್ದರು. ಆರು ವಾರ ಫೀಸು ಕಟ್ಟಿದೆವು, ಒಳಗೆ ಏನಾಯಿತು ಅಂತ ಇವತ್ತಿಗೂ ಗೊತ್ತಿಲ್ಲ. ಮಗು ಅತ್ತ ದಿನ "ಅಡ್ಜಸ್ಟ್ ಆಗ್ತಾನೆ" ಅಂದರು. ಬಿಟ್ಟೆವು. ಈಗಿನವರು ನನ್ನನ್ನು ಚಾಪೆ ಮೇಲೆ ಜೊತೆಯಲ್ಲೇ ಕೂರಿಸಿ, ಕೊನೆಯ ಹತ್ತು ನಿಮಿಷ ನನ್ನ ಕೈಯಲ್ಲೇ ಮಾಡಿಸುತ್ತಾರೆ.

ಹೆಜ್ಜೆ 7: ಮನೆಯೇ ಥೆರಪಿ ಕೋಣೆ

ದೊಡ್ಡ ಸೆಂಟರುಗಳಲ್ಲಿ ಜೋಲಿ, ಉರುಳು ದಿಂಬು, ಸಣ್ಣ ಚೆಂಡಿನ ತೊಟ್ಟಿ ಇರುತ್ತವೆ. ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಅಡಿಕೆ ಹಾಳೆ ಇದೆ.

ಚಿಕ್ಕವರಿದ್ದಾಗ ಹಾಳೆ ಮೇಲೆ ಕೂತು ಎಳೆಸಿಕೊಂಡಿದ್ದೀರಿ ಅಲ್ವಾ? ಅದೇ. ಥೆರಪಿಸ್ಟಿಗೆ ವಿಡಿಯೊ ತೋರಿಸಿದಾಗ ಅವರೇ ಇದನ್ನು ಪಟ್ಟಿಗೆ ಸೇರಿಸಿದರು. ಮಗು ಹಾಳೆಯ ಅಗಲ ಭಾಗದಲ್ಲಿ ಕೂತು ಎರಡೂ ಕೈಯಲ್ಲಿ ಅಂಚು ಹಿಡಿಯಬೇಕು. ನೇರವಾಗಿ, ನಿಧಾನ ಎಳೆಯಿರಿ. ಬೀಳದಂತೆ ಕೂರಲು ಹೊಟ್ಟೆ-ಬೆನ್ನಿನ ಸ್ನಾಯು ಕೆಲಸ ಮಾಡುತ್ತದೆ, ಚಲನೆಗೆ ಒಳಕಿವಿ ಎಚ್ಚರಾಗುತ್ತದೆ. ಹತ್ತು ಹೆಜ್ಜೆ ಎಳೆದು ನಿಲ್ಲಿಸಿ. ಮಾತಾಡಬೇಡಿ, ಕಾಯಿರಿ. ಅವನು ನಿಮ್ಮ ಕಡೆ ನೋಡಲಿ, ಕೈ ಆಡಿಸಲಿ, "ಹೋ" ಅನ್ನಲಿ, ಏನಾದರೂ ಒಂದು. ಬಂದ ಕೂಡಲೇ ಎಳೆಯಿರಿ. ನನ್ನ ಮಗ "ಹೋಗು" ಅನ್ನುವುದನ್ನು ಕಲಿತದ್ದು ಹಾಳೆ ಮೇಲೆ. ಆಮೇಲೆ ಅದಲು ಬದಲು: ಹಾಳೆ ಮೇಲೆ ಮೂರು ತೆಂಗಿನಕಾಯಿ, ಎಳೆಯುವವನು ಅವನು. ಭಾರ ಎಳೆಯುವುದು, ತಳ್ಳುವುದು ಕೀಲುಗಳಿಗೆ ಒತ್ತಡ ಕೊಡುತ್ತದೆ. ಊಟಕ್ಕೆ ಮುಂಚೆ ಹತ್ತು ನಿಮಿಷ ಇದನ್ನು ಮಾಡಿಸಿದ ದಿನ ತಟ್ಟೆ ಮುಂದೆ ಕೂರುತ್ತಿದ್ದ, ಮಾಡಿಸದ ದಿನ ಇಲ್ಲ. ನೋಟ್‌ಬುಕ್ಕಿನಲ್ಲಿ ಹದಿನೈದು ದಿನ ಗುರುತು ಹಾಕಿ ನೋಡಿದ ಮೇಲೇ ನಾನು ನಂಬಿದ್ದು. ಮುಖ ಬಿಳಿಚಿದರೆ, ಬೆವರಿದರೆ, ವಾಕರಿಸಿದರೆ ತಕ್ಷಣ ನಿಲ್ಲಿಸಿ. ಫಿಟ್ಸ್ ಇರುವ ಮಗುವಾದರೆ ಡಾಕ್ಟರನ್ನು ಕೇಳದೆ ತೂಗಾಟ, ಗಿರಗಿಟ್ಲೆ ಯಾವುದೂ ಬೇಡ.

ಸ್ಪರ್ಶಕ್ಕೆ ಹೆದರುವ ಮಗುವಿಗೆ ಒಣದರಿಂದ ಒದ್ದೆಗೆ ಹೋಗುವುದು ಕ್ರಮ. ಮೊದಲು ಮೊರದಲ್ಲಿ ಅಕ್ಕಿ, ಅದರೊಳಗೆ ಅವನ ಆಟದ ಕಾರು ಅಡಗಿಸಿ. ಆಮೇಲೆ ಒಣ ಹಿಟ್ಟು. ಆಮೇಲೆ ಕಲಸಿದ ಹಿಟ್ಟು. ಕೊನೆಗೆ ಕೆಸರು. ಕೈ ಹಿಡಿದು ಅದ್ದಿಸಬೇಡಿ, ಒಮ್ಮೆ ಬಲವಂತ ಮಾಡಿದರೆ ಒಂದು ತಿಂಗಳು ಹಿಂದೆ. ಪಕ್ಕದಲ್ಲಿ ಒರೆಸುವ ಬಟ್ಟೆ ಇಡಿ. ಒರೆಸಿಕೊಳ್ಳಬಹುದು ಅಂತ ಗೊತ್ತಾದರೆ ಮುಟ್ಟುವ ಧೈರ್ಯ ಬರುತ್ತದೆ. ನಮಗೆ ಅಕ್ಕಿಗೆ ಎರಡು ವಾರ ಹಿಡಿಯಿತು, ಕಲಸಿದ ಹಿಟ್ಟಿಗೆ ಒಂದು ವರ್ಷದ ಮೇಲೆ.

ಬೆರಳಿನ ಕೆಲಸಕ್ಕೆ ಚೆನ್ನೆಮಣೆಗಿಂತ ಒಳ್ಳೆಯದು ನಾನು ನೋಡಿಲ್ಲ. ಕಾಳು ಚಿವುಟಿ ಎತ್ತುವುದು, ಒಂದೊಂದೇ ಬಿಡುವುದು, ತನ್ನ ಸರದಿಗೆ ಕಾಯುವುದು ಎಲ್ಲ ಅದರಲ್ಲೇ ಬರುತ್ತದೆ. ಮಳೆಗಾಲದಲ್ಲಿ ಒಳಗೆ ಕಟ್ಟಿದ ಹಗ್ಗಕ್ಕೆ ಬಟ್ಟೆ ಕ್ಲಿಪ್ಪು ಹಾಕುವ ಕೆಲಸ ಕೊಡಿ. ಬಾಯಿಗೆ ಹಾಕಿಕೊಳ್ಳುವ ಮಗುವಾದರೆ ಕಾಳು, ಗೋಟಡಿಕೆ ಯಾವುದೂ ಬೇಡ, ಗಂಟಲಲ್ಲಿ ಸಿಕ್ಕೀತು. ಮೆಟ್ಟುಕತ್ತಿ ಹತ್ತಿರ ಅಂತೂ ಬಿಡಲೇಬಾರದು.

ಪೆನ್ಸಿಲ್‌ಗೆ ಅವಸರ ಬೇಡ. ಸಾಮಾನ್ಯವಾಗಿ ಎರಡು ವರ್ಷದ ಸುಮಾರಿಗೆ ನೆಟ್ಟಗಿನ ಗೆರೆ, ಮೂರಕ್ಕೆ ವೃತ್ತ, ನಾಲ್ಕಕ್ಕೆ ಕೂಡಿಸುವ ಗುರುತು, ಐದರ ಹೊತ್ತಿಗೆ ತ್ರಿಕೋನ ಬರುತ್ತದೆ. ವೃತ್ತವೇ ಬಾರದ ಮಗುವಿನ ಕೈಯಲ್ಲಿ "ಅ" ತಿದ್ದಿಸುವುದು ವ್ಯರ್ಥ. ಭುಜ ಗಟ್ಟಿಯಾಗಲು ಗೋಡೆಗೆ ಆನಿಸಿದ ಹಲಗೆ ಮೇಲೆ ಬರೆಯಲಿ, ಮಂಡಿಯೂರಿ ಜಗಲಿ ಒರೆಸಲಿ. ಸೀಮೆಸುಣ್ಣ ಉದ್ದದ್ದು ಬೇಡ, ಮುರಿದ ಚೂರು ಕೊಡಿ. ಚೂರನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳೇ ಬೇಕು.

ಹೆಜ್ಜೆ 8: ಮಳೆಗಾಲದ ಲೆಕ್ಕ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಏನೂ ಹೇಳಲಾಗದು. ಮರ ಬಿದ್ದರೆ ಬಸ್ಸಿಲ್ಲ, ಘಟ್ಟದಲ್ಲಿ ಗುಡ್ಡ ಕುಸಿದರೆ ಮಣಿಪಾಲ ಇಲ್ಲ, ಕರೆಂಟ್ ಹೋದರೆ ವಿಡಿಯೊ ಕಾಲೂ ಇಲ್ಲ. ಮೊದಲ ವರ್ಷ ಜುಲೈನಲ್ಲಿ ಒಂದೇ ಸಲ ಹೋಗಿದ್ದು. ಈಗ ಮೇ ತಿಂಗಳಲ್ಲೇ ಥೆರಪಿಸ್ಟನ್ನು ಕೇಳಿ ಮಳೆಗಾಲದಲ್ಲಿ ಮನೆಯಲ್ಲಿ ಮಾಡಿಸುವುದರ ಪಟ್ಟಿ ಬರೆಸಿಕೊಳ್ಳುತ್ತೇನೆ. ಪ್ರತಿಯೊಂದನ್ನೂ ಅವರು ಮಾಡಿ ತೋರಿಸುವಾಗ ವಿಡಿಯೊ ಮಾಡಿಕೊಂಡು ಬರುತ್ತೇನೆ. ಒಳಗೆ ಕೂತ ಮಕ್ಕಳ ಕೈಗೆ ಮೊಬೈಲ್ ಹೋಗುವುದೂ ಈ ತಿಂಗಳುಗಳಲ್ಲೇ. ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಾವು ಆಗಸ್ಟ್‌ನಲ್ಲಿ ಮೀರುತ್ತೇವೆ, ಸುಳ್ಳು ಹೇಳುವುದಿಲ್ಲ.

ಹೆಜ್ಜೆ 9: ಮನೆಮಂದಿ

ಅತ್ತೆಯ ಜೊತೆ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ. ಒಂದು ಸಲ ಸೆಷನ್ನಿಗೆ ಅವರನ್ನೇ ಕರೆದುಕೊಂಡು ಹೋದೆ. ಥೆರಪಿಸ್ಟ್, "ಅಜ್ಜಿ, ಊಟದ ಜವಾಬ್ದಾರಿ ನಿಮ್ಮದು, ತುತ್ತು ಬಾಯಿಗಿಡಬೇಡಿ, ಅವನ ಕೈ ತಟ್ಟೆಯಿಂದ ಬಾಯಿಗೆ ಬರುವವರೆಗೆ ಕಾಯಿರಿ" ಅಂದರು. ನಾನು ಆರು ತಿಂಗಳು ಹೇಳಿದ್ದು ಅದನ್ನೇ! ಅವತ್ತಿನಿಂದ ಅತ್ತೆ ನನಗೇ ಪಾಠ ಹೇಳುತ್ತಾರೆ. ಸಿಗಂದೂರಿಗೆ ಹರಕೆ ಹೊತ್ತಿದ್ದರು, ಹೋಗಿ ತೀರಿಸಿ ಬಂದೆವು. ಹರಕೆಗೂ ಅಪಾಯಿಂಟ್‌ಮೆಂಟಿಗೂ ಜಗಳ ಇಲ್ಲ, ಒಂದರ ಬದಲು ಇನ್ನೊಂದು ಆಗದಿದ್ದರೆ ಸಾಕು.

ಅಂಗನವಾಡಿ, ಶಾಲೆಯವರಿಗೆ ವರದಿ ಪೂರ್ತಿ ಕೊಡಬೇಕಿಲ್ಲ. ಒಂದೇ ಪುಟ ಬರೆದುಕೊಡಿ: ಏನಕ್ಕೆ ಹೆದರುತ್ತಾನೆ, ಏನು ಮಾಡಿದರೆ ಸಮಾಧಾನ, ಏನು ಚೆನ್ನಾಗಿ ಬರುತ್ತದೆ.

ನಿಮಗೇ ಸಾಕಾಗಿ ಹೋಗುವ ದಿನಗಳು ಬರುತ್ತವೆ. ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಹೆಜ್ಜೆ 10: ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಸೇರಿವೆ, ಆಟಿಸಂ ಮತ್ತು ಕಲಿಕೆಯ ತೊಂದರೆಯೂ ಅದರಲ್ಲಿವೆ. ಹೆಚ್ಚಿನ ಸೌಲಭ್ಯಕ್ಕೆ ಕಡೇಪಕ್ಷ ಶೇಕಡಾ 40 ಅಂಗವೈಕಲ್ಯ ಇರಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಆಮೇಲೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಮುಂದೆ ಹಾಜರಾಗಬೇಕು. ಗೊತ್ತಾಗದಿದ್ದರೆ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರಾದ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯು ಅವರನ್ನು ಹುಡುಕಿ, ಇದು ಅವರದೇ ಕೆಲಸ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ ನಿರಾಮಯ ವಿಮೆ ಇದೆ. ಒಂದು ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಥೆರಪಿ ಖರ್ಚಿಗೂ ಮಿತಿಯೊಳಗೆ ದುಡ್ಡು ವಾಪಸ್ ಸಿಗುತ್ತದೆ. ಹಾಗಾಗಿ ಪ್ರತಿ ರಸೀದಿಯನ್ನೂ ಇಟ್ಟುಕೊಳ್ಳಿ. ಕಾರ್ಡು ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಹಚ್ಚಿದಂತೆ ಅಂತ ನಮ್ಮ ಮನೆಯಲ್ಲೂ ಮಾತು ಬಂತು. ಮಕ್ಕಳ ಪ್ರಮಾಣಪತ್ರ ಸಾಮಾನ್ಯವಾಗಿ ತಾತ್ಕಾಲಿಕ, ಮುಂದೆ ಮತ್ತೆ ತಪಾಸಣೆ ಆಗುತ್ತದೆ.

ಹೆಜ್ಜೆ 11: ಮತ್ತೆ ನೋಡುವುದು

ಮೂರು ತಿಂಗಳಿಗೊಮ್ಮೆ ಗುರಿಗಳ ಪಟ್ಟಿ ತೆಗೆದು ಥೆರಪಿಸ್ಟ್ ಜೊತೆ ಕೂರಿ. ಆದದ್ದಕ್ಕೆ ಗೆರೆ ಎಳೆಯಿರಿ. ಎರಡು ಸಲ ನೋಡಿದರೂ ಅಲ್ಲೇ ನಿಂತಿರುವ ಗುರಿಯನ್ನು ಸಣ್ಣದು ಮಾಡಿಸಿ, ಇಲ್ಲವೇ ವಿಧಾನ ಬದಲಿಸಲು ಕೇಳಿ. ವರ್ಷಕ್ಕೊಮ್ಮೆ ಪೂರ್ತಿ ತಪಾಸಣೆ ಮತ್ತೆ ಆಗಲಿ. ನಮಗೆ ವಾರಕ್ಕೊಂದಿದ್ದ ಥೆರಪಿ ಸೆಷನ್ ಈಗ ತಿಂಗಳಿಗೊಂದಾಗಿದೆ.

ನೋಟ್‌ಬುಕ್ ಈಗ ನಾಲ್ಕನೆಯದು. ಕಳೆದ ಭಾನುವಾರದ ಸಾಲು ಹೀಗಿದೆ: "ಕಡುಬಿನ ಹಿಟ್ಟು ಆರಿದ ಮೇಲೆ ಎರಡೂ ಕೈ ಹಾಕಿ ಮೂರು ಉಂಡೆ ಕಟ್ಟಿದ. ನಡುವೆ ಒಮ್ಮೆ ಒರೆಸಿಕೊಂಡ. ಸಾರು ಕಲಸಿದ ಅನ್ನ ಇನ್ನೂ ಮುಟ್ಟುವುದಿಲ್ಲ, ಚಮಚವೇ ಬೇಕು. 14ನೇ ತಾರೀಕು ಹೋದಾಗ ಕೇಳಬೇಕು."